ಬೋಣಿಯ ಇಲಿ

ಮತ್ತಿಕೆರೆಯಿಂದ ಹೊರಟದ್ದು

ನಾನು ಪರದೇಶಕ್ಕೆ ಹೋದದ್ದು ಒಂದೇ ಸಲ, ಅದೂ ಪಾಠ ಹೇಳಿಕೊಡಲು. ಹೇಳಿಕೊಡಲು ಹೋದವಳು ಹೇಳಿಸಿಕೊಂಡು ಬಂದೆ. ಕಾಲುವೆ, ಸೈಕಲ್ಲು, ಗಾಳಿಯಂತ್ರ ಇವುಗಳ ಬಗ್ಗೆ ಬರೆಯಿರಿ ಎಂದು ಅಕ್ಕಪಕ್ಕದವರು ಕೇಳುತ್ತಾರೆ. ಬರೆಯುತ್ತೇನೆ. ಆದರೆ ಸಿಟ್ಟು ಬಂದ ಕ್ರಮದಲ್ಲೇ ಬರೆಯುತ್ತೇನೆ. ಆ ಮೂರು ವಾರದಲ್ಲಿ ನನಗೆ ಚೆನ್ನಾಗಿ ನೆನಪಿರುವುದು ಅದೊಂದೇ.

ಯಲಹಂಕದ ಆಚೆಗಿರುವ ಒಂದು ಸಂಶೋಧನಾ ಸಂಸ್ಥೆಯಲ್ಲಿ ನಾನು ಪ್ರಯೋಗಾಲಯದ ಟೆಕ್ನಿಷಿಯನ್. ನಮ್ಮ ಕೆಲಸ ಅಲ್ಝೈಮರ್ ಕಾಯಿಲೆಯ ಮೇಲೆ, ಅಂದರೆ ವಯಸ್ಸಾದವರನ್ನು ಹಿಡಿಯುವ ಮರೆವಿನ ಕಾಯಿಲೆಯ ಮೇಲೆ. ನಮ್ಮ ಜೀವಕೋಶಗಳ ಒಳಗೆ ಮೈಟೊಕಾಂಡ್ರಿಯ ಎಂಬ ಸಣ್ಣ ಸಣ್ಣ ಒಲೆಗಳಿವೆ. ಅವು ಆಕ್ಸಿಜನ್ ಬಳಸಿ ಆಹಾರವನ್ನು ಉರಿಸಿ ಜೀವಕೋಶಕ್ಕೆ ಶಕ್ತಿ ಕೊಡುತ್ತವೆ. ಈ ಕಾಯಿಲೆಯಲ್ಲಿ ನೆನಪು ಹೋಗುವುದಕ್ಕೆ ಮುಂಚೆಯೇ ಮೆದುಳಿನ ಒಲೆಗಳು ಮಂಕಾಗುತ್ತವೆ ಎನ್ನುವುದು ನಮ್ಮ ಪ್ರಯೋಗಾಲಯದ ಮುಖ್ಯಸ್ಥರ ವಾದ. ಅವರನ್ನು ನಾವೆಲ್ಲ ಸರ್ ಎನ್ನುತ್ತೇವೆ. ಇಲ್ಲೂ ಹಾಗೇ ಬರೆಯುತ್ತೇನೆ.

ವಾದವನ್ನು ತೋರಿಸಲು ಎರಡು ಬಗೆಯ ಇಲಿಗಳಿದ್ದವು. ಕಾಯಿಲೆ ಬರುವಂತೆ ಹುಟ್ಟಿಸಿದವು ಒಂದು ಬಗೆ, ಆರೋಗ್ಯದವು ಇನ್ನೊಂದು. ಎರಡರ ಮೆದುಳನ್ನೂ ಅರೆದು, ಒಲೆಗಳನ್ನು ಬೇರ್ಪಡಿಸಿ, ಐಸಿನ ಮೇಲಿಟ್ಟು, ಒಂದೊಂದಾಗಿ ಯಂತ್ರಕ್ಕೆ ಹಾಕಿ ಅವು ಎಷ್ಟು ಬೇಗ ಆಕ್ಸಿಜನ್ ಮುಗಿಸುತ್ತವೆ ಎಂದು ಅಳೆಯುವುದು ನನ್ನ ಕೆಲಸ. ಒಲೆ ಚೆನ್ನಾಗಿ ಉರಿದರೆ ಪರದೆಯ ಮೇಲಿನ ಗೆರೆ ಕಡಿದಾಗಿ ಇಳಿಯುತ್ತದೆ. ಮಂಕಾದರೆ ಇಳಿಯಲೋ ಬೇಡವೋ ಎಂಬಂತೆ ಸಾಗುತ್ತದೆ. ಆರು ವರ್ಷ ಅಳೆದೆ. ಆರು ವರ್ಷವೂ ಕಾಯಿಲೆಯ ಇಲಿಗಳ ಗೆರೆ ಮಂಕಾಗಿಯೇ ಬಂತು. ಸರ್ ಅದನ್ನು ಬರೆದು ಹೆಸರು ಮಾಡಿದರು. ಪ್ರಬಂಧದ ಕೊನೆಯ ಕೃತಜ್ಞತೆಯ ಸಾಲಿನಲ್ಲಿ, ಇಲಿಮನೆ ನೋಡಿಕೊಳ್ಳುವವರ ಜೊತೆ, ನನ್ನ ಹೆಸರೂ ಇತ್ತು.

ನನಗೆ ಇದು ಬರೀ ಸಂಬಳದ ಕೆಲಸವಾಗಿರಲಿಲ್ಲ. ಮನೆಯಲ್ಲಿ ಅಪ್ಪನಿಗೆ ಇದೇ ಕಾಯಿಲೆ. ಯಶವಂತಪುರದ ಮಾರ್ಕೆಟ್ಟಿನಲ್ಲಿ ಜೀವಮಾನವೆಲ್ಲ ಸೊಪ್ಪಿನ ಅಂಗಡಿ ನಡೆಸಿದವರು ಈಗ ಮಗಳ ಹೆಸರು ಹೇಳಲಾರರು. ಬೆಳಿಗ್ಗೆ ಎದ್ದ ಕೂಡಲೇ "ಬೋಣಿ ಆಯ್ತಾ?" ಎಂದು ಕೇಳುವುದನ್ನು ಮಾತ್ರ ಮರೆತಿಲ್ಲ. ದಿನದ ಮೊದಲ ವ್ಯಾಪಾರ ಆಯಿತೇ ಎಂದು. ಅಪ್ಪ ಬೋಣಿಯನ್ನು ಪೂಜೆಯಷ್ಟೇ ಶ್ರದ್ಧೆಯಿಂದ ಮಾಡುತ್ತಿದ್ದರು. ಮೊದಲ ಗಿರಾಕಿಗೆ ಎಲ್ಲಕ್ಕಿಂತ ಎಳೆಯ, ಹಸಿರಾದ ಕಟ್ಟು. ಬೋಣಿ ಕೆಟ್ಟರೆ ದಿನವೆಲ್ಲ ಕೆಟ್ಟಂತೆ. ಇಂಥ ಅಪ್ಪನ ಕಾಯಿಲೆಯ ಬುಡ ನಮ್ಮ ಯಂತ್ರಕ್ಕೆ ಸಿಕ್ಕಿದೆ, ಇನ್ನು ಔಷಧ ಹುಡುಕುವುದೊಂದೇ ಬಾಕಿ ಎಂದು ಅಣ್ಣ ಅತ್ತಿಗೆಗೆ ನಾನೇ ಹೇಳಿ ನಂಬಿಸಿದ್ದೆ. ನಾನೂ ನಂಬಿದ್ದೆ.

ಅಷ್ಟರಲ್ಲಿ ನೆದರ್ಲೆಂಡ್ಸ್‌ನ ಒಂದು ಪ್ರಯೋಗಾಲಯದವರು ನಮ್ಮ ಪ್ರಯೋಗವನ್ನು ಮಾಡಿ ನೋಡಿದರು. ಅವರ ಕೈಯಲ್ಲಿ ಎರಡೂ ಬಗೆಯ ಇಲಿಗಳ ಒಲೆ ಹೆಚ್ಚುಕಡಿಮೆ ಒಂದೇ ಥರ ಉರಿದವು. ಸರ್‌ಗೆ ಮೈ ಉರಿಯಿತು.

"ಅವ್ರ ಕೈಯಲ್ಲೇ ಏನೋ ಎಡವಟ್ಟಾಗ್ತಿದೆ ಕಣ್ರೀ. ನೀವೇ ಹೋಗಿ ತೋರ್ಸಿ ಬನ್ನಿ," ಎಂದರು.

ಅತ್ತಿಗೆ ನನ್ನ ಪೆಟ್ಟಿಗೆಗೆ ತುಪ್ಪದ ಬಾಟಲಿ ತುರುಕುತ್ತಾ, "ಮಾವನ್ನ ನಾನ್ ನೋಡ್ಕೋತೀನಿ ಲಲಿತಾ. ನೀನು ಅವ್ರಿಗೆ ಸರ್ಯಾಗಿ ಹೇಳ್ಕೊಟ್ಟು ಬಾ," ಎಂದಳು. ಹೆಬ್ಬಾಳದ ಫ್ಲೈಓವರ್ ಮೇಲೆ ಟ್ಯಾಕ್ಸಿ ನಿಂತು ನಿಂತು ಸಾಗುವಾಗ ನಾನು ಇಂಗ್ಲಿಷಿನಲ್ಲಿ ಪಾಠ ಹೇಳುವುದನ್ನು ಬಾಯಿಪಾಠ ಮಾಡುತ್ತಿದ್ದೆ.

ಆಮ್‌ಸ್ಟರ್‌ಡ್ಯಾಮ್ ವಿಮಾನ ನಿಲ್ದಾಣ

ನಾವು ಮೆದುಳು ಅರೆಯುವುದು ಗಾಜಿನ ಕೊಳವೆಯಲ್ಲಿ, ಗಾಜಿನದೇ ಗುಂಡಿನಿಂದ, ಕೈಯಲ್ಲೇ. ಮೆಲ್ಲಗೆ ಮೇಲೆ ಕೆಳಗೆ ಆಡಿಸಬೇಕು, ಅವಸರ ಮಾಡಿದರೆ ಒಲೆಗಳೇ ಒಡೆದುಹೋಗುತ್ತವೆ. ನನ್ನ ಕೈಗೆ ಒಗ್ಗಿದ ಆ ಕೊಳವೆಯನ್ನು ಹಳೆಯ ಕಾಟನ್ ಸೀರೆಯಲ್ಲಿ ಸುತ್ತಿ ತಂದಿದ್ದೆ. ಕಸ್ಟಮ್ಸ್‌ನ ಅಧಿಕಾರಿ ಸೀರೆ ಬಿಚ್ಚಿ, ಇದು ಯಾವುದಕ್ಕೆ ಎಂದು ಕೇಳಿದ.

"ಮೆದುಳು ಅರೆಯುವುದಕ್ಕೆ," ಎಂದೆ. ಇದಕ್ಕಿಂತ ನಯವಾದ ಇಂಗ್ಲಿಷ್ ಆ ಗಳಿಗೆಯಲ್ಲಿ ಬಾಯಿಗೆ ಬರಲಿಲ್ಲ.

ಆತ ಇನ್ನೊಬ್ಬನನ್ನು ಕರೆದ. ಅವನು ಮತ್ತೊಬ್ಬಳನ್ನು ಕರೆದ. ನನ್ನ ಕಾಗದವನ್ನು ಮೂವರೂ ಓದಿದರು. ಕೊನೆಗೆ ಮೆದುಳು ಅರೆಯುವ ಗುಂಡನ್ನು ದೇಶದೊಳಗೆ ಬಿಟ್ಟರು, ಅತ್ತಿಗೆ ಕಾಯಿಸಿದ ತುಪ್ಪವನ್ನು ಬಿಡಲಿಲ್ಲ. ಹಾಲಿನ ಪದಾರ್ಥ ತರುವ ಹಾಗಿಲ್ಲವಂತೆ. ಬಾಟಲಿ ಕಸದ ಬುಟ್ಟಿಗೆ ಬಿದ್ದ ಸದ್ದು ಈಗಲೂ ಕಿವಿಯಲ್ಲಿದೆ.

ಅಲ್ಲಿಂದ ಉತ್ತರಕ್ಕೆ ರೈಲು. ಕೂತ ತಕ್ಷಣ ತಲುಪಿದ ಸುದ್ದಿ ಹೇಳಲು ಮನೆಗೆ ಫೋನ್ ಮಾಡಿದೆ. ನಮ್ಮವರಿಗೆ ದೂರದೇಶಕ್ಕೆ ಮಾತಾಡುವಾಗ ದನಿ ತಾನಾಗಿ ಏರುತ್ತದೆ. ಎದುರಿಗಿದ್ದ ಗಂಡಸು ಒಂದು ಮಾತೂ ಆಡದೆ ಕಿಟಕಿಯ ಗಾಜಿನ ಮೇಲೆ ಬರೆದಿದ್ದ ಅಕ್ಷರಗಳ ಮೇಲೆ ಬೆರಳಿಟ್ಟ. ಅದು ಮಾತಾಡಬಾರದ ಬೋಗಿ ಎಂದು ಆಮೇಲೆ ತಿಳಿಯಿತು. ಯಶವಂತಪುರದ ಬಸ್ಸಿನಲ್ಲಿ ಫೋನಿನಲ್ಲಿ ಕಷ್ಟ ಹೇಳಿಕೊಂಡರೆ ಹಿಂದಿನ ಸೀಟಿನವರು ಪರಿಹಾರ ಹೇಳುತ್ತಾರೆ. ಇಲ್ಲಿ ಬೆರಳು ತೋರಿಸುತ್ತಾರೆ. ಮುಂದಿನ ಎರಡು ಗಂಟೆ ಬಾಯಿ ಮುಚ್ಚಿಕೊಂಡು ಚಪ್ಪಟೆ ಹೊಲಗಳನ್ನು ನೋಡಿದೆ.

ನಾನಿಳಿದ ಊರಿನ ಹೆಸರಿನ ಮೊದಲ ಅಕ್ಷರವನ್ನು ಗಂಟಲು ಕೆರೆದುಕೊಂಡು ಹೇಳಬೇಕು. ಕೊನೆವರೆಗೂ ನನಗೆ ಬರಲಿಲ್ಲ, ಆದ್ದರಿಂದ ಬರೆಯುವುದೂ ಇಲ್ಲ.

ಮೊದಲ ಸೋಮವಾರ

ಪಾಠ ಕೇಳಬೇಕಿದ್ದವಳ ಹೆಸರು ಅನ್ನೆಕೆ. ನನ್ನ ಹಾಗೆಯೇ ಟೆಕ್ನಿಷಿಯನ್, ಇನ್ನೇನು ನಿವೃತ್ತಿಯಾಗುವ ವಯಸ್ಸು. ತುಂಡು ನರೆಗೂದಲು, ಮಳೆಯಲ್ಲೇ ಸೈಕಲ್ ತುಳಿದುಕೊಂಡು ಬಂದು ಒದ್ದೆ ಪ್ಯಾಂಟಿನಲ್ಲೇ ಕೆಲಸಕ್ಕೆ ನಿಲ್ಲುವ ಹೆಂಗಸು.

ಬೆಳಿಗ್ಗೆ ಎಲ್ಲರೂ ಒಂದೇ ಮೇಜಿನ ಸುತ್ತ ಕಾಫಿಗೆ ಕೂರುತ್ತಾರೆ. ಅವರ ಮುಖ್ಯಸ್ಥನೂ ಅಲ್ಲೇ, ತನ್ನ ಲೋಟ ತಾನೇ ತೊಳೆಯುತ್ತಾನೆ. ಆಮೇಲೆ ಬಿಸ್ಕತ್ತಿನ ಡಬ್ಬಿ ಒಂದು ಸುತ್ತು ಬರುತ್ತದೆ. ತಲೆಗೊಂದು. ಸುತ್ತು ಮುಗಿದ ಕೂಡಲೇ ಮುಚ್ಚಳ ಒತ್ತಿ ಬಿಗಿಯಾಗಿ ಮುಚ್ಚುತ್ತಾರೆ. ನಾನು ಎರಡನೆಯದಕ್ಕೆ ಕೈ ಚಾಚಿದ್ದೆ. ಮುಚ್ಚಳ ನನ್ನ ಬೆರಳಿನ ತುದಿಯಲ್ಲೇ ಮುಚ್ಚಿಕೊಂಡಿತು. ಬೇಡ ಎಂದವರ ತಟ್ಟೆಗೂ ಮತ್ತೊಂದು ಹಾಕುವ ಮನೆಯಲ್ಲಿ ಬೆಳೆದವಳಿಗೆ ಕಣ್ಣಲ್ಲಿ ನೀರೇ ಬಂತು. ಮಧ್ಯಾಹ್ನ ತಣ್ಣನೆಯ ಬ್ರೆಡ್ಡು, ಚೀಸು, ಒಂದು ಲೋಟ ಮಜ್ಜಿಗೆ. ಮಜ್ಜಿಗೆ ನೋಡಿ ಜೀವ ಬಂದಂತಾಯಿತು. ಕುಡಿದರೆ ಉಪ್ಪಿಲ್ಲ, ಶುಂಠಿಯಿಲ್ಲ, ಒಗ್ಗರಣೆಯ ಮಾತು ಹಾಗಿರಲಿ. ನಾನು ಉಪ್ಪು ಬೆರೆಸಿದ್ದನ್ನು ಇಡೀ ಮೇಜು ತಿರುಗಿ ನೋಡಿತು.

ಕೆಲಸದಲ್ಲಿ ಮಾತ್ರ ನಾನು ಬಿಟ್ಟುಕೊಡಲಿಲ್ಲ. ನಮ್ಮಲ್ಲಿ ಮಾಡುವ ಹಾಗೆಯೇ ಅರೆದೆ, ಬೇರ್ಪಡಿಸಿದೆ, ಅಳೆದೆ. ಆರೋಗ್ಯದ ಇಲಿಗಳ ಗೆರೆ ಕಡಿದಾಗಿ ಇಳಿಯಿತು, ಕಾಯಿಲೆಯವುಗಳದು ಮಂಕು. ಅವರದೇ ಇಲಿ, ಅವರದೇ ಯಂತ್ರ, ನನ್ನ ಕೈ. ಬುಧವಾರವೂ ಅದೇ ಬಂತು. ಸರ್‌ಗೆ ಫೋನ್ ಮಾಡಿದರೆ, "ನಾನ್ ಹೇಳ್ಲಿಲ್ವಾ?" ಎಂದು ನಕ್ಕರು. ಅನ್ನೆಕೆ ನನ್ನ ಪಕ್ಕದಲ್ಲಿ ನಿಂತು ಒಂದು ಪುಟ್ಟ ಪುಸ್ತಕದಲ್ಲಿ ಪ್ರತಿಯೊಂದಕ್ಕೂ ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದಳು. ಮುಖ್ಯಸ್ಥನೂ ದಿನಕ್ಕೊಮ್ಮೆ ಬಂದು ಅರ್ಧ ಗಂಟೆ ನಿಂತು ನೋಡಿ ಹೋಗುತ್ತಿದ್ದ.

ಗುರುವಾರ

ಗುರುವಾರ ಕಾಫಿ ಮುಗಿದ ಮೇಲೆ ಅನ್ನೆಕೆ ಕೇಳಿದಳು. "ಯಾವಾಗಲೂ ಆರೋಗ್ಯದ ಇಲಿಯನ್ನೇ ಮೊದಲು ಅಳೆಯುತ್ತೀಯಲ್ಲ, ಯಾಕೆ?"

ನಾನು ಖುಷಿಯಾಗಿ ಬೋಣಿಯ ಕಥೆ ಹೇಳಿದೆ. ಅಪ್ಪನ ಅಂಗಡಿ, ಮೊದಲ ಗಿರಾಕಿ, ಎಳೆಯ ಕಟ್ಟು. ನಮ್ಮ ಯಂತ್ರ ಹೊಸದಾಗಿ ಬಂದಾಗ ಅದಕ್ಕೆ ಕುಂಕುಮ ಇಟ್ಟು, ದಿನದ ಮೊದಲ ಗೆರೆ ಒಳ್ಳೆಯದೇ ಬರಲಿ ಎಂದು ಆರೋಗ್ಯದ ಇಲಿಯಿಂದ ಶುರು ಮಾಡಿದ್ದು ನಾನೇ. ಆಮೇಲೆ ಬಂದ ವಿದ್ಯಾರ್ಥಿಗಳೆಲ್ಲ ಅದನ್ನೇ ಹಿಡಿದರು. ನಮ್ಮಲ್ಲಿ ಅದಕ್ಕೆ ಬೋಣಿಯ ಇಲಿ ಎಂದೇ ಹೆಸರು. ಬೋಣಿಯದು ಮುಗಿದು, ಉಳಿದ ಆರೋಗ್ಯದವು ಮುಗಿದು, ಊಟವಾಗಿ, ಎಷ್ಟೋ ದಿನ ಕರೆಂಟು ಹೋಗಿ ಬಂದು, ಆಮೇಲೆ ಕಾಯಿಲೆಯವುಗಳ ಸರದಿ.

ಅನ್ನೆಕೆ ನಗಲಿಲ್ಲ. ಪುಸ್ತಕ ತೆರೆದು ನನ್ನ ಮುಂದಿಟ್ಟಳು. ಎಲ್ಲ ಒಲೆಗಳೂ ಬೆಳಿಗ್ಗೆ ಒಟ್ಟಿಗೇ ತಯಾರಾಗಿದ್ದವು. ಆರೋಗ್ಯದವು ತಯಾರಾದ ಸ್ವಲ್ಪ ಹೊತ್ತಿಗೇ ಯಂತ್ರಕ್ಕೆ ಹೋಗಿದ್ದವು. ಕಾಯಿಲೆಯವು ಗಂಟೆಗಟ್ಟಲೆ ಐಸಿನ ಮೇಲೆ ಕೂತಿದ್ದವು.

"ಕಾಯಿಲೆಯದನ್ನು ಮೊದಲು ಅಳೆದರೆ ಏನಾಗುತ್ತದೆ?" ಎಂದಳು.

ನನಗೆ ರೇಗಿತು. ಬಿಸ್ಕತ್ತು ಎಣಿಸುವ ಈಕೆ ನಮ್ಮ ಅಪ್ಪನ ಆಚಾರವನ್ನು ಆಡಿಕೊಳ್ಳುತ್ತಿದ್ದಾಳೆ ಎನಿಸಿತು. ನಾಳೆಯೇ ಮಾಡೋಣ, ನೋಡೇಬಿಡೋಣ ಎಂದೆ.

ಮರುದಿನ ಅವಳು ಎಲ್ಲ ಕೊಳವೆಗಳ ಗುರುತಿನ ಮೇಲೂ ಬಿಳಿ ಚೀಟಿ ಅಂಟಿಸಿ ಬರೀ ಸಂಖ್ಯೆ ಬರೆದಳು. ಯಾವುದು ಯಾವ ಇಲಿಯದು ಎಂಬ ಪಟ್ಟಿಯನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದಳು. ಅಳೆಯುವ ಕ್ರಮಕ್ಕೆ ನನ್ನ ಕೈಯಲ್ಲೇ ಚೀಟಿ ಎತ್ತಿಸಿದಳು. ಮೊದಲನೆಯ ಗೆರೆ ಕಡಿದಾಗಿ ಇಳಿದಾಗ ಇದು ಆರೋಗ್ಯದ್ದೇ ಎಂದು ಜೋರಾಗಿ ಹೇಳಿದೆ. ಕೊನೆಯದು ಮಂಕಾಗಿ ಬಂದಾಗ ಇದು ಕಾಯಿಲೆಯದು ಎಂದೆ. ಸಂಜೆ ಡ್ರಾಯರು ತೆಗೆದಳು. ಮೊದಲನೆಯದು ಕಾಯಿಲೆಯ ಇಲಿ. ಕೊನೆಯದು ಆರೋಗ್ಯದ್ದು.

ಮತ್ತೆ ಮಾಡೋಣ ಎಂದೆ. ಮುಂದಿನ ವಾರ ಮೂರು ಸಲ ಮಾಡಿದೆವು. ಯಾವ ಇಲಿಯಾದರೂ ಸರಿ, ಹೊತ್ತು ಕಳೆದದ್ದು ಮಂಕಾಗುತ್ತಿತ್ತು. ಐಸಿನ ಮೇಲಿದ್ದರೂ ಈ ಒಲೆಗಳು ಬರಬರುತ್ತಾ ಸೋಲುತ್ತವೆ ಎಂದು ಪಠ್ಯಪುಸ್ತಕದಲ್ಲೇ ಇದೆ. ನಾನು ಓದಿದ್ದೆ. ಸರ್ ಅದನ್ನು ತರಗತಿಯಲ್ಲಿ ಪಾಠ ಮಾಡುತ್ತಾರೆ. ಓದಿದ್ದಕ್ಕೂ ನಮ್ಮ ಐಸ್ ಬಕೆಟ್ಟಿಗೂ ಸಂಬಂಧವಿದೆ ಎಂದು ಆರು ವರ್ಷದಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಆ ವಾರ ಮೊದಲು ಅನ್ನೆಕೆಯ ಮೇಲೆ ಸಿಟ್ಟು ಬಂತು, ಆಮೇಲೆ ಸರ್ ಮೇಲೆ. ನನ್ನ ಮೇಲೆ ಬಂದದ್ದು ಇನ್ನೂ ಹೋಗಿಲ್ಲ.

ಮಳೆಯ ಭಾನುವಾರ

ಭಾನುವಾರ ಅನ್ನೆಕೆಯ ಹುಟ್ಟುಹಬ್ಬ. ಬರುವುದಿಲ್ಲ ಎನ್ನಲು ನೆಪ ಸಿಗಲಿಲ್ಲ, ಹೋದೆ. ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಕೂತಿದ್ದರು. ಅಲ್ಲಿಯ ಪದ್ಧತಿ ಹೇಗೆಂದರೆ, ಹುಟ್ಟಿದವರಿಗೆ ಮಾತ್ರ ಅಲ್ಲ, ಬಂದವರೆಲ್ಲರಿಗೂ ಶುಭಾಶಯ. ಗಂಡನಿಗೆ, ತಂಗಿಗೆ, ಪಕ್ಕದ ಮನೆಯವರಿಗೆ. ನನ್ನ ಕೈಯನ್ನೂ ಒಬ್ಬೊಬ್ಬರಾಗಿ ಕುಲುಕಿ ಅನ್ನೆಕೆ ಹುಟ್ಟಿದ್ದಕ್ಕೆ ಅಭಿನಂದನೆ ಎಂದರು. ಆ ದಿನ ನಾನು ಅಭಿನಂದನೆ ಸ್ವೀಕರಿಸುವ ಸ್ಥಿತಿಯಲ್ಲಿರಲಿಲ್ಲ. ಬಚ್ಚಲಿಗೆ ಹೋದರೆ ಗೋಡೆಯ ಮೇಲೆ ಕ್ಯಾಲೆಂಡರು. ನೆಂಟರಿಷ್ಟರ ಹುಟ್ಟಿದ ದಿನಗಳನ್ನು ಬರೆದಿಡಲು ಇವರಿಗೆ ಇಡೀ ಮನೆಯಲ್ಲಿ ಸಿಕ್ಕ ಜಾಗ ಅದು. ಅದರಲ್ಲಿ ಒಂದು ತಾರೀಖಿನ ಎದುರು ಹೊಸ ಶಾಯಿಯಲ್ಲಿ ನನ್ನ ಹೆಸರಿತ್ತು. ಹಿಂದಿನ ವಾರ ಯಾಕೋ ಕೇಳಿದ್ದಳು, ಹೇಳಿದ್ದೆ. ಸಿಟ್ಟು ಮಾಡಿಕೊಳ್ಳಬೇಕೆಂದು ಹೋದವಳಿಗೆ ಅದನ್ನು ನೋಡಿ ಇನ್ನಷ್ಟು ಸಿಟ್ಟು ಬಂತು.

ಕೋಣೆಗೆ ವಾಪಸಾಗಿ ಮನೆಗೆ ಫೋನ್ ಮಾಡಿದೆ.

"ಮಾವ ಚೆನ್ನಾಗವ್ರೆ. ದಿನಾ ಬಾಗ್ಲಲ್ಲಿ ನಿಂತ್ಕೊಂಡು ಅಂಗ್ಡಿ ತೆಗೀಬೇಕು ಅಂತಾರೆ," ಎಂದಳು ಅತ್ತಿಗೆ. "ಅವ್ರಿಗೆ ಸರ್ಯಾಗಿ ಹೇಳ್ಕೊಟ್ಯಾ?"

ಮಳೆ ಜೋರು, ಸರಿಯಾಗಿ ಕೇಳಿಸುತ್ತಿಲ್ಲ ಎಂದು ಫೋನ್ ಇಟ್ಟೆ.

ಆಮೇಲೆ ಸರ್‌ಗೆ ಎಲ್ಲವನ್ನೂ ಹೇಳಿದೆ. ಹೊರಡುವ ಮುನ್ನ, ಶುಕ್ರವಾರ, ಇವರ ಪ್ರಯೋಗಾಲಯದ ಮೀಟಿಂಗಿನಲ್ಲಿ ನಾನು ಅಭಿಪ್ರಾಯ ಹೇಳಬೇಕಿದೆ ಎಂದೂ ತಿಳಿಸಿದೆ.

"ಶುಕ್ರವಾರ ಮೀಟಿಂಗಲ್ಲಿ ಏನೂ ಬಾಯ್ಬಿಡ್ಬೇಡಿ. ಮಿಷಿನ್ ಬೇರೆ, ಅದಕ್ಕೇ ರಿಸಲ್ಟ್ ಬೇರೆ ಅಂತ ಹೇಳಿ ಬನ್ನಿ. ಮಿಕ್ಕಿದ್ದು ನಾನ್ ನೋಡ್ಕೋತೀನಿ."

"ಮಿಷಿನ್ ಅಲ್ಲ ಸರ್, ಅವ್ರ ಮಿಷಿನ್ನಲ್ಲೂ ನಮ್ ಗೆರೆ ಬಂತಲ್ಲ. ನಾವು ಕಾಯಿಲೇದನ್ನ ಯಾವಾಗ್ಲೂ ಕೊನೇಗಿಟ್ಕೊಂಡಿದ್ವಿ."

"ನಾವು ಅಲ್ಲ, ನೀವು. ನಿಮ್ ಕಾಂಟ್ರ್ಯಾಕ್ಟ್ ಮಾರ್ಚ್‌ಗೆ ರಿನ್ಯೂ ಆಗ್ಬೇಕು, ನೆನಪಿದೆ ತಾನೇ?"

ನೆನಪಿತ್ತು. ನೆನಪು ಹೋಗುವ ಕಾಯಿಲೆಯ ಮೇಲೆ ಕೆಲಸ ಮಾಡುವವಳಿಗೆ ಇಂಥದ್ದೆಲ್ಲ ನೆನಪಿರುತ್ತದೆ. ಆ ನೌಕರಿ ಹೋದರೆ ಈ ವಯಸ್ಸಿನಲ್ಲಿ ನನ್ನನ್ನು ಇನ್ನಾರೂ ತೆಗೆದುಕೊಳ್ಳುವುದಿಲ್ಲ ಎಂಬುದೂ ಗೊತ್ತಿತ್ತು.

ಕೊನೆಯ ಶುಕ್ರವಾರ

ಮೀಟಿಂಗಿನಲ್ಲಿ ಹತ್ತು ಹನ್ನೆರಡು ಜನ. ಮುಖ್ಯಸ್ಥ ನನ್ನ ಅಭಿಪ್ರಾಯ ಕೇಳಿದ. ಮಿಷಿನ್ ಬೇರೆ ಎನ್ನುವ ವಾಕ್ಯವನ್ನು ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಹೇಳಿಕೊಂಡು ಬಂದಿದ್ದೆ. ಎದ್ದು ನಿಂತೆ. ಅಪ್ಪ ಬಾಗಿಲಲ್ಲಿ ನಿಂತು ಅಂಗಡಿ ತೆಗೆಯಬೇಕು ಎನ್ನುವುದು ನೆನಪಾಯಿತು. ಅಪ್ಪನ ಕಾಯಿಲೆಯ ಬುಡ ಸಿಕ್ಕಿದೆ ಎಂದು ನಾನು ಹೇಳಿದ್ದೆ. ಸಿಕ್ಕಿಲ್ಲ. ನಾನು ಈಗ ಸುಳ್ಳು ಹೇಳಿದರೆ ಇನ್ನೂ ನಾಲ್ಕು ಕಡೆ ಜನ ಅದೇ ತಪ್ಪು ಜಾಗದಲ್ಲಿ ಅಗೆಯುತ್ತಾರೆ, ಅಷ್ಟು ವರ್ಷ ಅಪ್ಪನಂಥವರ ಲೆಕ್ಕದಿಂದ ಹೋಗುತ್ತದೆ.

"ತಪ್ಪು ನಿಮ್ಮ ಕೈಯಲ್ಲಿಲ್ಲ, ನಮ್ಮದರಲ್ಲಿದೆ," ಎಂದೆ. ಈ ಕಾಯಿಲೆಯಲ್ಲಿ ಒಲೆಗಳು ಕೆಡುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ, ಕೆಡುತ್ತವೆಂದು ಬೇರೆಯವರು ಬೇರೆ ದಾರಿಯಲ್ಲಿ ಕಂಡಿರಬಹುದು, ನಾವು ಕಂಡದ್ದು ಮಾತ್ರ ಅದಲ್ಲ ಎಂದೆ. ಬೋಣಿಯ ವಿಷಯವನ್ನೂ ಹೇಳಿದೆ.

ಮೂಲೆಯಲ್ಲಿ ಒಬ್ಬ ನಕ್ಕ.

"ನಗಬೇಡಿ," ಎಂದೆ. ಇಂಗ್ಲಿಷ್ ಆ ಹೊತ್ತಿನಲ್ಲಿ ಎಲ್ಲಿಂದ ಬಂತೋ ತಿಳಿಯದು. "ತಲೆಗೊಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚುವುದು ಯಾವ ವಿಜ್ಞಾನ? ನಿಮಗೂ ಒಂದು ಆಚಾರವಿದೆ. ನಮ್ಮದು ಐಸ್ ಬಕೆಟ್ಟಿನೊಳಗೆ ಹೊಕ್ಕಿತ್ತು. ನಿಮ್ಮದು ಎಲ್ಲಿ ಹೊಕ್ಕಿದೆಯೋ ನೀವೂ ಹುಡುಕಿ."

ಮುಖ್ಯಸ್ಥ ಏನನ್ನೋ ಬರೆದುಕೊಂಡ. ಕಾಫಿಯ ಹೊತ್ತಿಗೆ ಅನ್ನೆಕೆ ಡಬ್ಬಿಯನ್ನು ನನ್ನ ಮುಂದೆ ತಂದಿಟ್ಟಳು, ಮುಚ್ಚಳವನ್ನು ತಾನು ತೊಡೆಯ ಮೇಲಿಟ್ಟುಕೊಂಡು ಕೂತಳು. ನಾನು ಮೂರು ತಿಂದೆ.

ಯಲಹಂಕ

ವಾಪಸು ಬಂದ ಸೋಮವಾರ ಸರ್ ಕೋಣೆಗೆ ಕರೆದರು. ಕೂರಿ ಎನ್ನಲಿಲ್ಲ.

"ನಿಮ್ ಬೋಣಿ ನನ್ ಆರು ವರ್ಷ ತಿಂದ್ಹಾಕ್ತು. ಗೊತ್ತಾಗ್ತಿದ್ಯಾ?"

"ಗೊತ್ತು ಸರ್. ಬೋಣಿ ಶುರು ಮಾಡಿದ್ದು ನಾನೇ, ಒಪ್ಕೋತೀನಿ. ಆದ್ರೆ ಅಲ್ಲಿ ದೊಡ್ಡವರು ದಿನಾ ಬಂದು ನಿಂತು ನೋಡ್ತಾರೆ. ಆರು ವರ್ಷದಲ್ಲಿ ನೀವು ಒಂದೇ ಒಂದು ದಿನ ನನ್ನ ಪಕ್ಕ ನಿಂತಿದ್ರೆ ಕಾಣ್ತಿತ್ತು. ಗೆರೆ ನಿಮಗೆ ಬೇಕಾದ ಹಾಗೆ ಬರ್ತಿತ್ತು, ನೀವು ಬರ್ಲಿಲ್ಲ."

ಇಷ್ಟು ವರ್ಷದಲ್ಲಿ ನಾನು ಅವರೆದುರು ಎತ್ತರದ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು. ಹೊರಗೆ ವಿದ್ಯಾರ್ಥಿಗಳು ಓಡಾಡುವುದನ್ನು ನಿಲ್ಲಿಸಿದ್ದು ಕೇಳಿಸಿತು. ಕಾಂಟ್ರ್ಯಾಕ್ಟಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಸರ್ ಪ್ರಬಂಧ ಅಚ್ಚಾಗಿದ್ದ ಪತ್ರಿಕೆಗೆ ತಪ್ಪೊಪ್ಪಿ ಪತ್ರ ಬರೆದರು. ಡಚ್ಚರು ಆಗಲೇ ಬರೆಯಲು ಕೂತಿದ್ದರು, ಬೇರೆ ದಾರಿ ಇರಲಿಲ್ಲ. ಪತ್ರದ ಪ್ರತಿ ನನ್ನ ಮೇಜಿಗೆ ಬಂತು. ಪ್ರಬಂಧದಲ್ಲಿ ನನ್ನ ಹೆಸರು ಕೊನೆಯ ಸಾಲಿನಲ್ಲಿತ್ತು. ಈ ತಪ್ಪೊಪ್ಪಿಗೆಯಲ್ಲಿ ಎರಡನೆಯ ಸಾಲಿಗೇ ಬಂದಿತ್ತು, ಇನಿಷಿಯಲ್ ಸಮೇತ. ಸರ್ ಹೆಸರು ಕೆಳಗಿನ ಸಹಿಯಲ್ಲಿ ಮಾತ್ರ. ಅದನ್ನು ಓದಿ ಹರಿದುಹಾಕಬೇಕೆನಿಸಿತು. ಹರಿಯಲಿಲ್ಲ, ಯಾಕೆಂದರೆ ಅದರಲ್ಲಿ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಯಂತ್ರದ ಪಕ್ಕ ಹೋಗಿ ಕೊಳವೆಗಳಿಗೆಲ್ಲ ಬಿಳಿ ಚೀಟಿ ಅಂಟಿಸಿ ಬಂದೆ.

ಮತ್ತೆ ಮತ್ತಿಕೆರೆ

ಅಂದು ಸಂಜೆ ಮನೆಗೆ ಬಂದಾಗ ಅತ್ತಿಗೆ ಅಡಿಗೆಮನೆಯಲ್ಲಿ ಸೊಪ್ಪು ಸೋಸುತ್ತಿದ್ದಳು. ಅಪ್ಪ ಬಾಗಿಲಿನ ಪಕ್ಕದ ಕುರ್ಚಿಯಲ್ಲಿದ್ದರು. ನಾನು ಅತ್ತಿಗೆಗೆ ಎಲ್ಲ ಹೇಳಿದೆ. ಬುಡ ಸಿಕ್ಕಿಲ್ಲ, ಆರು ವರ್ಷ ಅಳೆದದ್ದು ಬೇರೆ ಏನನ್ನೋ ಎಂದೆ. ಅವಳು ಕೈಯಲ್ಲಿದ್ದ ದಂಟನ್ನು ಕೆಳಗಿಟ್ಟು ಅಪ್ಪನ ಕಡೆ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಮೊರದ ಅಂಚಿನಲ್ಲಿ ಬಿದ್ದಿದ್ದ ಕೊತ್ತಂಬರಿ ಕಟ್ಟನ್ನು ಎತ್ತಿಕೊಂಡಳು. ಬೆಳಿಗ್ಗೆ ತಂದದ್ದು, ತಲೆ ಬಾಗಿತ್ತು. "ಇದೂ ಕೆಟ್ಟೋಗಿದೆ," ಎಂದು ಕಸದ ಬುಟ್ಟಿಯ ಕಡೆ ಕೈ ನೀಡಿದಳು.

ಅಪ್ಪ ಕುರ್ಚಿಯಿಂದ ಎದ್ದು ಬಂದರು. ಅವರು ತಾವಾಗಿ ಹಾಗೆ ಎದ್ದು ಎಷ್ಟೋ ದಿನವಾಗಿತ್ತು. ಅತ್ತಿಗೆಯ ಕೈಯಿಂದ ಕಟ್ಟನ್ನು ಇಸಿದುಕೊಂಡು, ಬುಡವನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದರು.

"ಯಾಕಮ್ಮ ಬಿಸಾಕ್ತೀಯ? ಕೆಟ್ಟಿರೋದಲ್ಲ ಇದು. ನಿಂತಿರೋದು. ಬೆಳಿಗ್ಗೆಯಿಂದ ನಿಂತ್ರೆ ಯಾವ್ದಾದ್ರೂ ಬಾಡ್ತದೆ. ಒಸಿ ನೀರ್ ಚಿಮುಕ್ಸು."

ಅತ್ತಿಗೆ ನನ್ನ ಮುಖ ನೋಡಿದಳು. ನಾನು ಅಪ್ಪನ ಮುಖ ನೋಡಿದೆ. ಆರು ವರ್ಷದಲ್ಲಿ ಯಾವ ದಿನವಾದರೂ ಇವರನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಯಲಹಂಕಕ್ಕೆ ಕರೆದೊಯ್ದು ಆ ಐಸ್ ಬಕೆಟ್ಟಿನ ಮುಂದೆ ನಿಲ್ಲಿಸಬಹುದಿತ್ತು. ಅಪ್ಪನಿಂದ ನಾನು ಕಲಿತದ್ದು ಬೆಳಗಿನ ಅಂಗಡಿಯನ್ನು ಮಾತ್ರ. ಸಂಜೆಯ ಅಂಗಡಿಯನ್ನು ಕಲಿಯಲಿಲ್ಲ. ಆ ಸಿಟ್ಟನ್ನು ಯಾರ ಮೇಲೆ ಹಾಕುವುದೋ ತಿಳಿಯಲಿಲ್ಲ.

ನೀರು ತಂದು ಚಿಮುಕಿಸಿದೆ. ಅಪ್ಪ ಕಟ್ಟನ್ನು ಒದರಿ, ಮೊರದ ಮೇಲೆ ಬುಡ ನೆಟ್ಟಗೆ ನಿಲ್ಲಿಸಿ, ಗಿರಾಕಿಯನ್ನು ನೋಡುವ ಹಾಗೆ ನನ್ನನ್ನು ನೋಡಿದರು.

"ಬೋಣಿ ಆಯ್ತಾ?"

"ಇನ್ನೂ ಇಲ್ಲ ಅಪ್ಪ," ಎಂದೆ.